ಆಶಯದಿಂದ ಕೃತಿಗೆ: ಇಮಾಮ್ ಬುಖಾರಿ(ರ)ಯವರ ಬದುಕು

ಒಂದು ಒಳ್ಳೆಯ ಮಾತನ್ನು ಕೇಳಿ ತಲೆದೂಗುವುದು ಬಹಳ ಸುಲಭ. ಶುಕ್ರವಾರದ ಖುತ್ಬಾದಲ್ಲಿ, ಮನೆಮಂದಿಯ ಮಾತುಕತೆಯಲ್ಲಿ, ಗೆಳೆಯರ ಕೂಟದಲ್ಲಿ ನೀವು ಅದೆಷ್ಟೋ ಒಳ್ಳೆಯ ವಿಚಾರಗಳನ್ನು ಕೇಳಿರುತ್ತೀರಿ. ಕುರ್‌ಆನನ್ನು ಅರ್ಥ ತಿಳಿದು ಓದಬೇಕು, ಮೊಹಲ್ಲಾದ ಬಡಮಕ್ಕಳ ಓದಿಗೆ ಏನಾದರೂ ವ್ಯವಸ್ಥೆ ಮಾಡಬೇಕು, ಮುರಿದುಹೋದ ಸಂಬಂಧವನ್ನು ಮತ್ತೆ ಜೋಡಿಸಬೇಕು ಎಂದು ಯಾರೋ ಹೇಳುತ್ತಾರೆ. ಎಲ್ಲರೂ ಹೌದೆನ್ನುತ್ತಾರೆ. ಚಹಾ ಮುಗಿಯುತ್ತದೆ, ಜನ ಎದ್ದು ಹೋಗುತ್ತಾರೆ. ಮಾತು ಮಾತ್ರ ಅಲ್ಲಿಯೇ ಉಳಿದುಬಿಡುತ್ತದೆ.

ಸುಮಾರು ಸಾವಿರದ ಇನ್ನೂರು ವರ್ಷಗಳ ಹಿಂದೆ ಅಂತಹದೇ ಒಂದು ಕೂಟ ಸೇರಿತ್ತು. ಖುರಾಸಾನಿನ ಪ್ರಖ್ಯಾತ ವಿದ್ವಾಂಸರಾದ ಇಸ್‌ಹಾಕ್ ಬಿನ್ ರಾಹವೈಹಿ(ರ) ಅವರ ಸಭೆಯದು. ಪ್ರವಾದಿವರ್ಯರ(ಸ) ಹದೀಸ್‌ಗಳ ಪೈಕಿ ಸಂಪೂರ್ಣ ವಿಶ್ವಾಸಾರ್ಹವಾದವುಗಳನ್ನು ಮಾತ್ರ ಆರಿಸಿ ಒಂದು ಸಂಕ್ಷಿಪ್ತ ಗ್ರಂಥವನ್ನು ಯಾರಾದರೂ ರಚಿಸಿದರೆ ಎಷ್ಟು ಚೆನ್ನಾಗಿತ್ತು ಎಂಬ ಆಶಯ ಆ ಸಭೆಯಲ್ಲಿ ವ್ಯಕ್ತವಾಯಿತು. ಅಲ್ಲಿದ್ದವರು ಸಾಮಾನ್ಯರಲ್ಲ. ಜ್ಞಾನಾರ್ಜನೆಗಾಗಿ ಮನೆಮಾರು ಬಿಟ್ಟು ಬಂದವರು, ನೆನಪಿನ ಶಕ್ತಿಗೆ ಹೆಸರಾದವರು. ಆ ಮಾತು ಎಲ್ಲರ ಕಿವಿಗೂ ಬಿತ್ತು. ಆದರೆ ಒಬ್ಬ ಯುವಕನ ಹೃದಯದೊಳಗೆ ಮಾತ್ರ ಅದು ಇಳಿಯಿತು. ಆತ ಎದ್ದು ಹೋಗಿ ಕೆಲಸ ಆರಂಭಿಸಿದ. ಹದಿನಾರು ವರ್ಷಗಳ ತರುವಾಯ ಆ ಆಶಯ ಒಂದು ಗ್ರಂಥವಾಗಿ ಹೊರಬಂತು. ಇಂದು ಕುರ್‌ಆನಿನ ಬಳಿಕ ಅತ್ಯಂತ ಪ್ರಾಮಾಣಿಕ ಗ್ರಂಥವೆಂದು ಮುಸ್ಲಿಮ್ ಜಗತ್ತು ಗೌರವಿಸುವ ಸಹೀಹುಲ್ ಬುಖಾರಿಯೇ ಅದು. ಆ ಯುವಕನೇ ಮುಹಮ್ಮದ್ ಬಿನ್ ಇಸ್ಮಾಈಲ್, ನಾವೆಲ್ಲರೂ ಬಲ್ಲ ಇಮಾಮ್ ಬುಖಾರಿ(ರ).

ಹದೀಸ್ ಹೇಳುವಾಗ ಕೊನೆಗೆ ಬುಖಾರಿ ಎಂದು ಸೇರಿಸುವುದು ನಮ್ಮೆಲ್ಲರಿಗೂ ರೂಢಿಯಾಗಿದೆ. ಆ ಒಂದು ಪದದ ಹಿಂದೆ ಎಂತಹ ಬದುಕಿತ್ತು ಎಂಬುದನ್ನು ನೀವು ಎಂದಾದರೂ ಯೋಚಿಸಿದ್ದೀರಾ?

ತಾಯಿಯ ಆರೈಕೆಯಲ್ಲಿ

ಇಮಾಮರು ಹಿಜರಿ 194ರ ಶವ್ವಾಲ್ 13ರಂದು, ಅಂದರೆ ಕ್ರಿ.ಶ. 810ರ ಜುಲೈ ತಿಂಗಳಲ್ಲಿ, ಇಂದಿನ ಉಝ್ಬೇಕಿಸ್ತಾನದಲ್ಲಿರುವ ಬುಖಾರಾ ಪಟ್ಟಣದಲ್ಲಿ ಜನಿಸಿದರು. ಅವರ ಮುತ್ತಜ್ಜ ಮುಗೀರಾ ಅವರು ಬುಖಾರಾದ ರಾಜ್ಯಪಾಲರಾಗಿದ್ದ ಯಮಾನ್ ಜುಅಫಿಯವರ ಮೂಲಕ ಇಸ್ಲಾಮ್ ಸ್ವೀಕರಿಸಿದ್ದರು. ತಂದೆ ಇಸ್ಮಾಈಲ್ ಸ್ವತಃ ಹದೀಸ್ ವಿದ್ವಾಂಸರು. ಮದೀನಾದ ಇಮಾಮ್ ಮಾಲಿಕ್(ರ) ಅವರಿಂದ ಹದೀಸ್ ಆಲಿಸಿದ್ದವರು. ಜೊತೆಗೆ ಅವರು ವ್ಯಾಪಾರಿಯೂ ಹೌದು. ತನ್ನ ಸಂಪತ್ತಿನಲ್ಲಿ ಹರಾಮ್ ಆದುದಾಗಲಿ ಸಂಶಯಾಸ್ಪದವಾದುದಾಗಲಿ ಒಂದು ದಿರ್‌ಹಮ್ ಕೂಡ ಇಲ್ಲವೆಂದು ಮರಣಶಯ್ಯೆಯಲ್ಲಿ ಹೇಳಬಲ್ಲಷ್ಟು ಶುದ್ಧವಾಗಿ ಅವರು ದುಡಿದಿದ್ದರು.

ಮಗ ಇನ್ನೂ ಚಿಕ್ಕವನಿರುವಾಗಲೇ ತಂದೆ ತೀರಿಕೊಂಡರು. ಅಹ್ಮದ್ ಮತ್ತು ಮುಹಮ್ಮದ್ ಎಂಬ ಇಬ್ಬರು ಮಕ್ಕಳನ್ನು ಸಾಕುವ ಹೊಣೆ ತಾಯಿಯ ಮೇಲೆ ಬಿತ್ತು. ಬಾಲ್ಯದಲ್ಲಿ ಮುಹಮ್ಮದನ ಕಣ್ಣಿನ ದೃಷ್ಟಿಯೇ ಹೋಗಿತ್ತೆಂದೂ, ತಾಯಿ ಅತ್ತು ಪ್ರಾರ್ಥಿಸಿದ ಬಳಿಕ ಅಲ್ಲಾಹನು ಅದನ್ನು ಮರಳಿಸಿದನೆಂದೂ ಚರಿತ್ರೆಕಾರರು ದಾಖಲಿಸಿದ್ದಾರೆ. ಮುಂದೆ ಲಕ್ಷಾಂತರ ವರದಿಗಳನ್ನು ಪರಿಶೀಲಿಸಲಿದ್ದ ಆ ಕಣ್ಣುಗಳ ಹಿಂದೆ ಒಬ್ಬ ವಿಧವೆಯ ಕಣ್ಣೀರಿತ್ತು ಎಂಬುದನ್ನು ತಾಯಂದಿರು ವಿಶೇಷವಾಗಿ ನೆನಪಿಡಬೇಕು.

ಹತ್ತನೆಯ ವಯಸ್ಸಿನಲ್ಲಿ, ಓದುಬರಹ ಕಲಿಸುವ ಪಾಠಶಾಲೆಯಲ್ಲಿರುವಾಗಲೇ, ಹದೀಸ್ ಕಂಠಪಾಠ ಮಾಡುವ ಅಭಿರುಚಿ ಅವರಲ್ಲಿ ಮೂಡಿತು. ಹನ್ನೊಂದರ ಹರೆಯದಲ್ಲಿ ನಡೆದ ಒಂದು ಘಟನೆ ಪ್ರಸಿದ್ಧವಾಗಿದೆ. ಬುಖಾರಾದ ಗುರುಗಳಾದ ದಾಖಿಲಿಯವರು ಪಾಠ ಹೇಳುವಾಗ ಒಂದು ಹದೀಸಿನ ವರದಿಗಾರರ ಸರಪಳಿಯಲ್ಲಿ ಒಬ್ಬರ ಹೆಸರನ್ನು ತಪ್ಪಾಗಿ ಹೇಳಿದರು. ಬಾಲಕ ವಿನಯದಿಂದಲೇ ಅದನ್ನು ಎತ್ತಿ ತೋರಿಸಿದ. ಗುರುಗಳು ಮೊದಲು ಗದರಿದರು. ಮೂಲ ಬರಹವನ್ನು ನೋಡಬಹುದಲ್ಲವೇ ಎಂದು ಬಾಲಕ ಕೇಳಿಕೊಂಡಾಗ ಅವರು ಒಳಗೆ ಹೋಗಿ ನೋಡಿದರು. ಬಾಲಕನ ಮಾತು ಸರಿಯಾಗಿತ್ತು. ಗುರುಗಳು ಲೇಖನಿ ತೆಗೆದುಕೊಂಡು ತನ್ನ ಪ್ರತಿಯನ್ನು ತಿದ್ದಿಕೊಂಡರು. ಶಿಷ್ಯನ ಚುರುಕುತನ ಎಷ್ಟು ದೊಡ್ಡದೋ ಹನ್ನೊಂದು ವರ್ಷದ ಹುಡುಗನಿಂದ ತಪ್ಪು ತಿದ್ದಿಸಿಕೊಂಡ ಗುರುವಿನ ದೊಡ್ಡತನವೂ ಅಷ್ಟೇ ದೊಡ್ಡದು.

ಹದಿನಾರನೆಯ ವಯಸ್ಸಿನೊಳಗೆ ಅಬ್ದುಲ್ಲಾ ಬಿನ್ ಮುಬಾರಕ್ ಮತ್ತು ವಕೀಅ್ ಅವರ ಗ್ರಂಥಗಳು ಅವರಿಗೆ ಬಾಯಿಪಾಠವಾಗಿದ್ದವು. ಅದೇ ಸಮಯದಲ್ಲಿ ತಾಯಿ ಮತ್ತು ಅಣ್ಣನೊಂದಿಗೆ ಹಜ್ಜ್ ಯಾತ್ರೆಗೆ ಹೊರಟರು. ಹಜ್ಜ್ ಮುಗಿದ ಮೇಲೆ ತಾಯಿ ಮತ್ತು ಅಣ್ಣ ಊರಿಗೆ ಮರಳಿದರು, ಅವರು ಜ್ಞಾನಾರ್ಜನೆಗಾಗಿ ಅಲ್ಲಿಯೇ ಉಳಿದರು. ಹದಿನಾರರ ಮಗನನ್ನು ಸಾವಿರಾರು ಮೈಲು ದೂರದಲ್ಲಿ ಬಿಟ್ಟು ಮರಳುವಾಗ ಆ ತಾಯಿಯ ಮನಸ್ಸು ಹೇಗಿದ್ದಿರಬಹುದು? ಮಗನನ್ನು ಕಟ್ಟಿಹಾಕದೆ ಗುರಿಯತ್ತ ಕಳುಹಿಸಿಕೊಟ್ಟದ್ದು ಅವರು ಮಾಡಿದ ದೊಡ್ಡ ತ್ಯಾಗ.

ಗುರಿಗೆ ಮುನ್ನ ಸಿದ್ಧತೆ

ಹದಿನೆಂಟನೆಯ ವಯಸ್ಸಿನಲ್ಲಿ ಅವರು ಲೇಖನಿ ಹಿಡಿದರು. ಮದೀನಾದಲ್ಲಿ, ಪ್ರವಾದಿವರ್ಯರ(ಸ) ಸಮಾಧಿಯ ಸನಿಹದಲ್ಲಿ, ಬೆಳದಿಂಗಳ ರಾತ್ರಿಗಳಲ್ಲಿ ಕುಳಿತು ಅತ್ತಾರೀಖುಲ್ ಕಬೀರ್ ಎಂಬ ಗ್ರಂಥವನ್ನು ಬರೆಯತೊಡಗಿದರು. ದೀಪದ ಎಣ್ಣೆಗೆ ಕಾಯದೆ ತಿಂಗಳ ಬೆಳಕನ್ನೇ ಬಳಸಿಕೊಂಡ ಆ ತರುಣನನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಹದೀಸ್ ವರದಿಗಾರರ ವಿವರಗಳಿರುವ ಗ್ರಂಥವದು. ಹನ್ನೆರಡು ಸಾವಿರಕ್ಕೂ ಅಧಿಕ ಮಂದಿಯ ಹೆಸರುಗಳು ಅದರಲ್ಲಿವೆ. ಯಾರು ಯಾರಿಂದ ಕೇಳಿದರು, ಯಾರು ಯಾರನ್ನು ಭೇಟಿಯಾಗಿದ್ದರು, ಯಾರ ನೆನಪು ಗಟ್ಟಿ, ಯಾರದು ದುರ್ಬಲ ಎಂಬುದನ್ನು ತಿಳಿಯದೆ ಹದೀಸಿನ ಸತ್ಯಾಸತ್ಯತೆಯನ್ನು ತೂಗಲು ಸಾಧ್ಯವಿಲ್ಲ. ಅಂದರೆ ಮುಂದೆ ಕಟ್ಟಲಿರುವ ಮನೆಗೆ ಅವರು ಆಗಲೇ ಅಡಿಪಾಯ ಹಾಕುತ್ತಿದ್ದರು.

ನಂತರದ ದಶಕಗಳು ಪ್ರಯಾಣದಲ್ಲಿ ಕಳೆದವು. ಹಿಜಾಝಿನಲ್ಲಿ ಆರು ವರ್ಷ, ಬಸ್ರಾಕ್ಕೆ ನಾಲ್ಕು ಬಾರಿ, ಸಿರಿಯಾ ಮತ್ತು ಈಜಿಪ್ಟಿಗೂ ಪ್ರಯಾಣ. ಕೂಫಾ ಮತ್ತು ಬಗ್ದಾದ್‌ಗಳಿಗೆ ಹೋದದ್ದಕ್ಕಂತೂ ಲೆಕ್ಕವೇ ಇಲ್ಲ. ಸಾವಿರಕ್ಕೂ ಅಧಿಕ ಗುರುಗಳಿಂದ ಅವರು ಹದೀಸ್ ಬರೆದುಕೊಂಡರು. ಕೈಯಲ್ಲಿದ್ದ ಹಣ ತೀರಿ, ಊರಿನಿಂದ ಬರಬೇಕಾದುದು ತಡವಾದಾಗ ಹುಲ್ಲುಸೊಪ್ಪು ತಿಂದು ದಿನ ಕಳೆದದ್ದೂ ಉಂಟು. ಆದರೂ ಯಾರ ಮುಂದೆಯೂ ಕೈಚಾಚಲಿಲ್ಲ.

ಬಸ್ರಾದಲ್ಲಿ ಸಹಪಾಠಿಗಳು ಅವರನ್ನು ತರಾಟೆಗೆ ತೆಗೆದುಕೊಂಡದ್ದುಂಟು. ಎಲ್ಲರೂ ಗುರುಗಳ ಮಾತನ್ನು ಬರೆದುಕೊಳ್ಳುತ್ತಿದ್ದರೆ ಇವರು ಸುಮ್ಮನೆ ಕುಳಿತು ಆಲಿಸುತ್ತಿದ್ದರು. ಸಮಯ ವ್ಯರ್ಥಮಾಡುತ್ತಿದ್ದಾರೆ ಎಂದು ಗೆಳೆಯರು ದಿನವೂ ಆಕ್ಷೇಪಿಸಿದರು. ಹದಿನಾರು ದಿನ ಕಳೆದ ಮೇಲೆ ಇಮಾಮರು ಅವರ ಬರಹಗಳನ್ನು ತರಲು ಹೇಳಿ, ಅಷ್ಟೂ ಪಾಠಗಳನ್ನು ನೆನಪಿನಿಂದಲೇ ಒಪ್ಪಿಸಿದರು. ಹದಿನೈದು ಸಾವಿರಕ್ಕೂ ಹೆಚ್ಚು ವರದಿಗಳವು. ಕೊನೆಗೆ ಗೆಳೆಯರೇ ಅವರ ನೆನಪನ್ನು ಆಧರಿಸಿ ತಮ್ಮ ಪ್ರತಿಗಳನ್ನು ತಿದ್ದಿಕೊಳ್ಳಬೇಕಾಯಿತು. ನೆನಪಿನ ಶಕ್ತಿ ಅಲ್ಲಾಹನ ಕೊಡುಗೆ, ಅದು ಎಲ್ಲರಿಗೂ ಒಂದೇ ರೀತಿ ಇರುವುದಿಲ್ಲ. ಆದರೆ ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಿ. ಅವರು ಪಾಠದಲ್ಲಿ ಕುಳಿತಾಗ ಮನಸ್ಸೂ ಅಲ್ಲಿಯೇ ಕುಳಿತಿರುತ್ತಿತ್ತು. ನಾವು ಒಂದು ಕಡೆ ಕುಳಿತು ಮನಸ್ಸನ್ನು ಹತ್ತು ಕಡೆ ಓಡಿಸುತ್ತೇವೆ. ಕೈಯಲ್ಲಿರುವ ಮೊಬೈಲ್ ಆ ಓಟಕ್ಕೆ ಮತ್ತಷ್ಟು ವೇಗ ಕೊಟ್ಟಿದೆ.

ಗೆರೆ ಎಳೆದ ಗುರಿ

ಆ ಕಾಲದಲ್ಲಿ ಹದೀಸ್ ಗ್ರಂಥಗಳು ಇರಲಿಲ್ಲವೆಂದಲ್ಲ. ಅನೇಕ ಸಂಗ್ರಹಗಳಿದ್ದವು. ಆದರೆ ಬಹಳಷ್ಟು ಗ್ರಂಥಗಳಲ್ಲಿ ಪ್ರಬಲ ಹದೀಸ್‌ಗಳ ಜೊತೆಗೆ ದುರ್ಬಲ ವರದಿಗಳೂ ಸೇರಿಕೊಂಡಿದ್ದವು. ವಿದ್ವಾಂಸರಿಗೆ ಅವುಗಳನ್ನು ಬೇರ್ಪಡಿಸುವುದು ಗೊತ್ತಿತ್ತು, ಜನಸಾಮಾನ್ಯರಿಗೆ ಗೊತ್ತಿರಲಿಲ್ಲ. ತನ್ನ ನಮಾಝ್, ಉಪವಾಸ, ವ್ಯಾಪಾರ, ವಿವಾಹಗಳಲ್ಲಿ ಪ್ರವಾದಿವರ್ಯರ(ಸ) ಮಾದರಿಯನ್ನು ಅನುಸರಿಸಬೇಕೆಂದಿರುವ ಒಬ್ಬ ಸಾಮಾನ್ಯ ವಿಶ್ವಾಸಿ ಯಾವ ಮಾತನ್ನು ನಂಬಬೇಕು? ಈ ಪ್ರಶ್ನೆಗೆ ಉತ್ತರ ಬೇಕಾಗಿತ್ತು.

ಇಮಾಮರು ಆ ಆಶಯವನ್ನು ಆಶಯವಾಗಿಯೇ ಉಳಿಸಲಿಲ್ಲ. ಪ್ರವಾದಿವರ್ಯರ(ಸ) ಬಳಿ ನಿಂತು ಬೀಸಣಿಗೆಯಿಂದ ನೊಣಗಳನ್ನು ಓಡಿಸುತ್ತಿರುವಂತೆ ತಾನು ಕನಸು ಕಂಡೆನೆಂದೂ, ಪ್ರವಾದಿಯವರ ಮೇಲೆ ಹೊರಿಸಲಾದ ಸುಳ್ಳುಗಳನ್ನು ಓಡಿಸುವ ಕೆಲಸವೇ ಅದರ ಅರ್ಥವೆಂದು ಬಲ್ಲವರು ತಿಳಿಸಿದರೆಂದೂ ಅವರೇ ಹೇಳಿದ್ದಾರೆ. ಕನಸು ಅವರ ಸಂಕಲ್ಪಕ್ಕೆ ಬಲ ತುಂಬಿತು. ಆದರೆ ಅವರು ಕನಸನ್ನೇ ನೆಚ್ಚಿ ಕುಳಿತುಕೊಳ್ಳಲಿಲ್ಲ. ಕೆಲಸಕ್ಕೆ ಸ್ಪಷ್ಟವಾದ ಗೆರೆಗಳನ್ನು ಎಳೆದರು.

ಮೊದಲನೆಯದಾಗಿ, ಎಲ್ಲವನ್ನೂ ಸೇರಿಸುವ ಆಸೆಯನ್ನು ಬಿಟ್ಟರು. ಪ್ರಬಲವಾದ ಎಲ್ಲ ಹದೀಸ್‌ಗಳನ್ನೂ ಒಂದೇ ಗ್ರಂಥದಲ್ಲಿ ತುಂಬುವುದು ಅವರ ಗುರಿಯಾಗಿರಲಿಲ್ಲ. ಗ್ರಂಥ ಉದ್ದವಾದೀತೆಂದು ಎಷ್ಟೋ ಪ್ರಬಲ ಹದೀಸ್‌ಗಳನ್ನೇ ಬಿಟ್ಟರು. ಎರಡನೆಯದಾಗಿ, ಕಠಿಣವಾದ ನಿಯಮವೊಂದನ್ನು ಹಾಕಿಕೊಂಡರು. ವರದಿಗಾರರೆಲ್ಲರೂ ಸತ್ಯವಂತರೂ ನೆನಪಿನಲ್ಲಿ ಗಟ್ಟಿಗರೂ ಆಗಿರಬೇಕು. ಒಬ್ಬರು ಇನ್ನೊಬ್ಬರಿಂದ ವರದಿ ಮಾಡಿದರೆ ಇಬ್ಬರೂ ಒಂದೇ ಕಾಲದವರಾಗಿದ್ದರೆ ಸಾಲದು, ಅವರು ಪರಸ್ಪರ ಭೇಟಿಯಾದದ್ದು ಕೂಡ ಖಚಿತವಾಗಿರಬೇಕು. ಮೂರನೆಯದಾಗಿ, ಬದುಕಿನ ವಿಷಯಗಳಿಗೆ ಅನುಸಾರವಾಗಿ ಅಧ್ಯಾಯಗಳನ್ನು ವಿಂಗಡಿಸಿದರು. ವಿಶ್ವಾಸ, ಜ್ಞಾನ, ಶುಚಿತ್ವ, ನಮಾಝ್‌ನಿಂದ ಹಿಡಿದು ವ್ಯಾಪಾರ, ಸಾಲ, ವಿವಾಹ, ಊಟ, ಔಷಧಿ, ಶಿಷ್ಟಾಚಾರದವರೆಗೆ ಓದುಗನಿಗೆ ಬೇಕಾದುದು ಬೇಕಾದಲ್ಲಿ ಸಿಗಬೇಕು ಎಂಬುದು ಇದರ ಉದ್ದೇಶ.

ಗುರಿ ಎಂದರೆ ಇದು. ಏನು ಮಾಡಬೇಕು ಎಂಬುದರ ಜೊತೆಗೆ ಏನನ್ನು ಬಿಡಬೇಕು ಎಂಬುದನ್ನೂ ಮೊದಲೇ ನಿರ್ಧರಿಸಿಕೊಳ್ಳುವುದು. ನಮ್ಮಲ್ಲಿ ಅನೇಕರ ಒಳ್ಳೆಯ ಯೋಜನೆಗಳು ನೆಲಕಚ್ಚುವುದು ಈ ಎರಡನೆಯ ಭಾಗವನ್ನು ಮರೆಯುವುದರಿಂದಲೇ.

ದಿನಕ್ಕೊಂದು

ಸುಮಾರು ಆರು ಲಕ್ಷ ವರದಿಗಳಿಂದ ಅವರು ತಮ್ಮ ಗ್ರಂಥವನ್ನು ಆರಿಸಿದರು. ಆರು ಲಕ್ಷ ಎಂದಾಗ ಅಷ್ಟು ಬೇರೆ ಬೇರೆ ಮಾತುಗಳೆಂದು ತಿಳಿಯಬಾರದು. ಒಂದೇ ಮಾತು ಹತ್ತು ಸರಪಳಿಗಳಿಂದ ಬಂದರೆ ಹದೀಸ್ ಪಂಡಿತರು ಅದನ್ನು ಹತ್ತಾಗಿ ಎಣಿಸುತ್ತಾರೆ. ಪ್ರತಿಯೊಂದು ಹದೀಸನ್ನು ಗ್ರಂಥಕ್ಕೆ ಸೇರಿಸುವ ಮುನ್ನ ಅವರು ಸ್ನಾನ ಮಾಡಿ, ಎರಡು ರಕಅತ್ ನಮಾಝ್ ನಿರ್ವಹಿಸಿ, ಅಲ್ಲಾಹನಲ್ಲಿ ಒಳಿತಿನ ಆಯ್ಕೆಗಾಗಿ ಬೇಡಿ, ಅದರ ಪ್ರಾಮಾಣಿಕತೆ ಮನಸ್ಸಿಗೆ ಖಚಿತವಾದ ಮೇಲೆಯೇ ಬರೆಯುತ್ತಿದ್ದರು. ಪುನರಾವರ್ತನೆಗಳು ಸೇರಿ ಗ್ರಂಥದಲ್ಲಿ ಏಳು ಸಾವಿರಕ್ಕೂ ಮಿಕ್ಕಿದ ಹದೀಸ್‌ಗಳಿವೆ. ಹಾಫಿಝ್ ಇಬ್ನು ಹಜರ್(ರ) ಅವರ ಎಣಿಕೆಯಂತೆ 7,397. ಪುನರಾವರ್ತನೆಗಳನ್ನು ಬಿಟ್ಟರೆ ಸುಮಾರು 2,600.

ಈಗ ನೀವೇ ಒಂದು ಲೆಕ್ಕ ಹಾಕಿ ನೋಡಿ. ಹದಿನಾರು ಚಾಂದ್ರ ವರ್ಷಗಳೆಂದರೆ ಐದು ಸಾವಿರದ ಆರುನೂರಕ್ಕೂ ಹೆಚ್ಚು ದಿನಗಳು. ಏಳು ಸಾವಿರದ ನಾಲ್ಕು ನೂರು ಹದೀಸ್‌ಗಳನ್ನು ಅಷ್ಟು ದಿನಗಳಿಗೆ ಹಂಚಿದರೆ ದಿನಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಪುನರಾವರ್ತನೆಗಳನ್ನು ಬಿಟ್ಟರೆ ಎರಡು ದಿನಕ್ಕೊಂದೂ ಆಗುವುದಿಲ್ಲ. ಜಗತ್ತಿನ ಅತ್ಯಂತ ಮಹತ್ವದ ಗ್ರಂಥಗಳಲ್ಲೊಂದು ಬೆಳೆದದ್ದು ಸರಾಸರಿ ಈ ವೇಗದಲ್ಲಿ. ಅದು ಅವಸರದ ಕೆಲಸವಾಗಿರಲಿಲ್ಲ, ಆಲಸ್ಯದ ಕೆಲಸವೂ ಆಗಿರಲಿಲ್ಲ. ನಿಂತುಹೋಗದ ಕೆಲಸವಾಗಿತ್ತು. ಒಂದು ವಾರ ಉತ್ಸಾಹದಿಂದ ದುಡಿದು ಮೂರು ತಿಂಗಳು ಮರೆತುಬಿಡುವ ನಮಗೆ ಇದರಲ್ಲಿ ದೊಡ್ಡ ಪಾಠವಿದೆ.

ಬರೆದು ಮುಗಿಸಿದ್ದನ್ನು ಅವರು ಅಲ್ಲಿಗೆ ಬಿಡುತ್ತಲೂ ಇರಲಿಲ್ಲ. ತಮ್ಮ ಎಲ್ಲ ಗ್ರಂಥಗಳನ್ನೂ ಮೂರು ಬಾರಿ ರಚಿಸಿದ್ದಾಗಿ ಅವರು ತಿಳಿಸಿದ್ದಾರೆ. ತಿದ್ದಿದರು, ಮತ್ತೆ ಜೋಡಿಸಿದರು, ಮತ್ತೆ ನೋಡಿದರು. ಇಮಾಮ್ ಅಹ್ಮದ್ ಬಿನ್ ಹಂಬಲ್(ರ), ಅಲಿ ಬಿನ್ ಮದೀನಿ(ರ) ಮುಂತಾದ ಹಿರಿಯರ ಮುಂದೆ ತಮ್ಮ ಕೆಲಸವನ್ನಿಟ್ಟು ಪರಿಶೀಲನೆಗೆ ಒಪ್ಪಿಸಿದರೆಂದೂ ವರದಿಯಾಗಿದೆ.

ರಾತ್ರಿಯ ದೀಪ

ಅವರ ಸಮಯಪಾಲನೆಯನ್ನು ಹತ್ತಿರದಿಂದ ಕಂಡವರು ಅವರ ಲಿಪಿಕಾರರಾದ ಮುಹಮ್ಮದ್ ಬಿನ್ ಅಬೂಹಾತಿಮ್. ಪ್ರಯಾಣದಲ್ಲಿ ಅವರಿಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದುದುಂಟು. ಒಂದೇ ರಾತ್ರಿಯಲ್ಲಿ ಇಮಾಮರು ಹದಿನೈದರಿಂದ ಇಪ್ಪತ್ತು ಬಾರಿ ಏಳುತ್ತಿದ್ದರು. ಚಕಮಕಿ ಕಲ್ಲು ಉಜ್ಜಿ ದೀಪ ಹಚ್ಚಿ, ಮನಸ್ಸಿಗೆ ಹೊಳೆದುದನ್ನು ಗುರುತು ಹಾಕಿ, ದೀಪ ಆರಿಸಿ ಮತ್ತೆ ಮಲಗುತ್ತಿದ್ದರು. ಇಂದಿನಂತೆ ಗುಂಡಿ ಒತ್ತಿದರೆ ಬೆಳಕಾಗುವ ಕಾಲವಲ್ಲ ಅದು. ಹೊಳೆದ ವಿಚಾರ ಬೆಳಗಾಗುವುದರೊಳಗೆ ಮರೆತುಹೋಗಬಾರದೆಂಬ ಎಚ್ಚರ ಅವರನ್ನು ಹಾಸಿಗೆಯಿಂದ ಎಬ್ಬಿಸುತ್ತಿತ್ತು. ರಾತ್ರಿಯ ಕೊನೆಯ ಭಾಗದಲ್ಲಿ ತಹಜ್ಜುದ್ ನಮಾಝ್ ತಪ್ಪುತ್ತಿರಲಿಲ್ಲ.

ಇಷ್ಟಾದರೂ ಅವರು ಲಿಪಿಕಾರರನ್ನು ಎಬ್ಬಿಸುತ್ತಿರಲಿಲ್ಲ. ಯುವಕನ ನಿದ್ದೆ ಕೆಡಿಸಲು ಅವರಿಗೆ ಇಷ್ಟವಿರಲಿಲ್ಲ. ಈ ಸಣ್ಣ ಸಂಗತಿಯನ್ನು ಮನೆಯ ಯಜಮಾನರು ಗಮನಿಸಬೇಕು. ತನ್ನ ಗುರಿಗಾಗಿ ತಾನು ಕಷ್ಟಪಡುವುದು ಬೇರೆ, ಅದಕ್ಕಾಗಿ ಇತರರನ್ನು ಕಷ್ಟಕ್ಕೆ ತಳ್ಳುವುದು ಬೇರೆ.

ಹಾಗೆಂದು ಅವರು ವಿಶ್ರಾಂತಿಯನ್ನೇ ತಿಳಿಯದವರಾಗಿರಲಿಲ್ಲ. ಫರಬ್ರ್ ಎಂಬಲ್ಲಿ ದಿನವಿಡೀ ಗ್ರಂಥರಚನೆಯಲ್ಲಿ ದಣಿದ ಅವರು ಒಂದು ದಿನ ಅಂಗಾತ ಮಲಗಿಕೊಂಡರು. ಉದ್ದೇಶವಿಲ್ಲದೆ ಏನನ್ನೂ ಮಾಡದ ಗುರುಗಳು ಹೀಗೆ ಮಲಗಿದ್ದೇಕೆಂದು ಲಿಪಿಕಾರರಿಗೆ ಅಚ್ಚರಿಯಾಯಿತು. ಅದು ಗಡಿಪ್ರದೇಶವಾಗಿದ್ದು, ಶತ್ರುಗಳು ಯಾವಾಗ ಬೇಕಾದರೂ ಬರಬಹುದಾದುದರಿಂದ ದೇಹಕ್ಕೆ ವಿಶ್ರಾಂತಿ ನೀಡಿ ಸಿದ್ಧವಾಗಿರಬೇಕೆಂಬುದು ಅವರ ವಿವರಣೆಯಾಗಿತ್ತು. ಅವರ ವಿಶ್ರಾಂತಿಗೂ ಒಂದು ನಿಯ್ಯತ್ ಇತ್ತು. ಅವರು ನುರಿತ ಬಿಲ್ಲುಗಾರರೂ ಆಗಿದ್ದರು. ಒಮ್ಮೆ ಅವರ ಬಾಣ ಗುರಿ ತಪ್ಪಿ ಸೇತುವೆಯೊಂದರ ಗೂಟಕ್ಕೆ ತಾಗಿ ಅದು ಸೀಳಿತು. ತಕ್ಷಣ ಬಿಲ್ಲು ಕೆಳಗಿಟ್ಟರು. ಸೇತುವೆಯ ಒಡೆಯನಿಗೆ ಹೇಳಿ ಕಳುಹಿಸಿ, ಹೊಸ ಗೂಟ ಹಾಕಿಸಲು ಇಲ್ಲವೇ ಬೆಲೆ ತೆರಲು ಅನುಮತಿ ಕೇಳಿದರು. ಆತ ಮನಃಪೂರ್ವಕ ಕ್ಷಮಿಸಿದನೆಂದು ತಿಳಿದಾಗ ಅವರ ಮುಖ ಅರಳಿತು. ಸಂತೋಷದಿಂದ ಆ ದಿನ ಬಡವರಿಗೆ ದಾನ ಹಂಚಿದರು.

ಮನಸ್ಸಿನ ಮಾತಿಗೂ ಬೆಲೆ

ತಂದೆಯಿಂದ ಬಂದ ಸಂಪತ್ತನ್ನು ಅವರು ಪಾಲುದಾರಿಕೆಯ ವ್ಯಾಪಾರದಲ್ಲಿ ತೊಡಗಿಸಿದ್ದರು. ತಾವೇ ಅಂಗಡಿಯಲ್ಲಿ ಕುಳಿತರೆ ಜ್ಞಾನಕ್ಕೆ ಸಮಯ ಸಿಗದು. ಆದ್ದರಿಂದ ದುಡಿಯುವ ಕೆಲಸವನ್ನು ಇತರರಿಗೆ ವಹಿಸಿ ಲಾಭದ ಪಾಲಿನಲ್ಲಿ ಬದುಕಿದರು.

ಒಮ್ಮೆ ಅವರಿಗೆ ಸರಕು ಬಂದಿತ್ತು. ಸಂಜೆ ಕೆಲವು ವ್ಯಾಪಾರಿಗಳು ಬಂದು ಐದು ಸಾವಿರ ದಿರ್‌ಹಮ್ ಲಾಭ ಕೊಟ್ಟು ಕೊಳ್ಳುವುದಾಗಿ ಹೇಳಿದರು. ಇಮಾಮರು ಆ ರಾತ್ರಿಯ ಮಟ್ಟಿಗೆ ಅವರನ್ನು ಕಳುಹಿಸಿದರು. ಮರುದಿನ ಬೆಳಿಗ್ಗೆ ಬೇರೆ ವ್ಯಾಪಾರಿಗಳು ಬಂದು ಹತ್ತು ಸಾವಿರ ಲಾಭ ಕೊಡಲು ಮುಂದಾದರು. ಆದರೆ ಮೊದಲಿನವರಿಗೇ ಕೊಡುವುದೆಂದು ರಾತ್ರಿಯೇ ಅವರು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದರು. ಅದನ್ನು ಯಾರಿಗೂ ಹೇಳಿರಲಿಲ್ಲ, ಕರಾರೂ ಆಗಿರಲಿಲ್ಲ. ಆದರೂ ನಿಯ್ಯತ್ತನ್ನು ಬದಲಾಯಿಸಲು ಅವರು ಇಷ್ಟಪಡಲಿಲ್ಲ. ಸರಕು ಐದು ಸಾವಿರ ಲಾಭಕ್ಕೇ ಹೋಯಿತು.

ಅವರು ತಮ್ಮ ಗ್ರಂಥವನ್ನು ಸಂಕಲ್ಪಶುದ್ಧಿಯ ಕುರಿತಾದ ಹದೀಸಿನಿಂದಲೇ ಏಕೆ ಆರಂಭಿಸಿದರೆಂಬುದು ಈ ಘಟನೆಯಿಂದ ನಿಮಗೆ ಅರ್ಥವಾದೀತು. ಮನಸ್ಸಿನೊಳಗೆ ತಾನು ತನಗೇ ಕೊಟ್ಟ ಮಾತನ್ನು ಉಳಿಸಿಕೊಳ್ಳುವವನು ಮಾತ್ರ ಹದಿನಾರು ವರ್ಷ ಒಂದೇ ಕೆಲಸಕ್ಕೆ ಅಂಟಿಕೊಂಡಿರಬಲ್ಲ.

ಬಗ್ದಾದಿನ ವಿದ್ವಾಂಸರು ಒಮ್ಮೆ ಅವರನ್ನು ಪರೀಕ್ಷಿಸಿದರು. ನೂರು ಹದೀಸ್‌ಗಳನ್ನು ಆರಿಸಿ, ಒಂದರ ಸರಪಳಿಯನ್ನು ಇನ್ನೊಂದರ ಮಾತಿಗೆ ಜೋಡಿಸಿ, ಹತ್ತು ಮಂದಿಗೆ ಹತ್ತರಂತೆ ಹಂಚಿದರು. ತುಂಬಿದ ಸಭೆಯಲ್ಲಿ ಒಬ್ಬೊಬ್ಬರೂ ಎದ್ದು ಕೇಳಿದರು. ಪ್ರತಿಯೊಂದಕ್ಕೂ ಇಮಾಮರು ತನಗೆ ಅದು ತಿಳಿಯದೆಂದೇ ಉತ್ತರಿಸಿದರು. ವಿಷಯ ಗೊತ್ತಿಲ್ಲದವರು ಅವರನ್ನು ಅಸಮರ್ಥರೆಂದು ಭಾವಿಸಿದರು. ಎಲ್ಲರೂ ಮುಗಿಸಿದ ಮೇಲೆ ಇಮಾಮರು ಮೊದಲನೆಯವನತ್ತ ತಿರುಗಿ, ಆತ ಹೇಳಿದ ತಪ್ಪನ್ನೂ ಅದರ ಸರಿಯಾದ ರೂಪವನ್ನೂ ಹೇಳಿದರು. ಹೀಗೆ ನೂರನ್ನೂ ಅವರು ಕೇಳಿದ ಕ್ರಮದಲ್ಲಿಯೇ ಸರಿಪಡಿಸಿದರು. ಸಭೆ ಬೆರಗಾಯಿತು.

ಜನಮನ್ನಣೆ ಮತ್ತು ಜನವಿರೋಧ

ಆದರೆ ಗುರಿ ಮುಟ್ಟಿದವರ ದಾರಿಯಲ್ಲಿ ಹೂಗಳೇ ಇರುತ್ತವೆಂದು ತಿಳಿಯಬೇಡಿ. ಇಮಾಮರ ಬದುಕಿನ ಕೊನೆಯ ವರ್ಷಗಳು ಬಹಳ ನೋವಿನವು.

ಹಿಜರಿ 250ರಲ್ಲಿ, ಅಂದರೆ ಕ್ರಿ.ಶ. 864ರಲ್ಲಿ, ಅವರು ನೈಸಾಬೂರಿಗೆ ಬಂದಾಗ ಊರಿಗೆ ಊರೇ ಅವರನ್ನು ಎದುರುಗೊಂಡಿತು. ನಗರದ ಹಿರಿಯ ವಿದ್ವಾಂಸ ಮುಹಮ್ಮದ್ ಬಿನ್ ಯಹ್ಯಾ ಝುಹ್ಲಿಯವರು ಸ್ವತಃ ಸ್ವಾಗತಿಸಲು ಹೋದರು. ಕ್ರಮೇಣ ಜನರು ಇಮಾಮರ ಸಭೆಗೆ ಮುಗಿಬಿದ್ದು ಇತರರ ಸಭೆಗಳು ತೆರವಾದವು. ಆಗ ಯಾರೋ ಒಂದು ಸೂಕ್ಷ್ಮ ಪ್ರಶ್ನೆಯನ್ನೆತ್ತಿದರು. ಅಲ್ಲಾಹನ ವಚನವಾದ ಕುರ್‌ಆನ್ ಸೃಷ್ಟಿಯಲ್ಲ, ಆದರೆ ಅದನ್ನು ಓದುವ ಮನುಷ್ಯನ ಉಚ್ಚಾರಣೆ ಏನು ಎಂಬುದು ಪ್ರಶ್ನೆ. ಇಮಾಮರು ಮುಖ ತಿರುಗಿಸಿದರು. ಪದೇ ಪದೇ ಒತ್ತಾಯಿಸಿದಾಗ, ಮನುಷ್ಯರ ಕ್ರಿಯೆಗಳು ಸೃಷ್ಟಿಗಳೆಂಬ ತಮ್ಮ ನಿಲುವನ್ನು ತಿಳಿಸಿದರು. ಅದನ್ನೇ ತಿರುಚಿ ಗದ್ದಲ ಎಬ್ಬಿಸಲಾಯಿತು. ಝುಹ್ಲಿಯವರು ಅವರ ವಿರುದ್ಧ ನಿಂತರು. ನಿನ್ನೆಯವರೆಗೆ ಮುತ್ತಿಕೊಂಡಿದ್ದ ಜನ ಚದುರಿಹೋದರು. ಮುಂದೆ ಸಹೀಹ್ ಮುಸ್ಲಿಮಿನ ಕರ್ತೃವೆಂದು ಪ್ರಸಿದ್ಧರಾದ ಇಮಾಮ್ ಮುಸ್ಲಿಮ್(ರ)ರಂತಹ ಕೆಲವರೇ ಅವರೊಂದಿಗೆ ಉಳಿದರು. ಇಮಾಮರು ಊರು ಬಿಡಬೇಕಾಯಿತು.

ಇಲ್ಲಿ ಒಂದು ಸಂಗತಿಯನ್ನು ಹೃದಯದಲ್ಲಿ ಬರೆದಿಟ್ಟುಕೊಳ್ಳಿ. ಝುಹ್ಲಿಯವರು ಇಮಾಮರಿಗೆ ಹದೀಸ್ ಕಲಿಸಿದವರಲ್ಲೊಬ್ಬರು. ಅವರಿಂದ ಆಲಿಸಿದ ಹದೀಸ್‌ಗಳು ಸಹೀಹುಲ್ ಬುಖಾರಿಯಲ್ಲಿ ಇಂದಿಗೂ ಇವೆ. ವೈಯಕ್ತಿಕ ನೋವಿಗಾಗಿ ಇಮಾಮರು ಅವನ್ನು ಅಳಿಸಿಹಾಕಲಿಲ್ಲ. ಗ್ರಂಥದ ಗುರಿ ಪ್ರವಾದಿವರ್ಯರ(ಸ) ಮಾತನ್ನು ಜನರಿಗೆ ತಲಪಿಸುವುದಾಗಿತ್ತು. ಅದರಲ್ಲಿ ತಮ್ಮ ಜಗಳಕ್ಕೆ ಅವರು ಜಾಗ ಕೊಡಲಿಲ್ಲ. ಜಮಾಅತಿನಲ್ಲಿ ಇಬ್ಬರ ಮನಸ್ತಾಪದಿಂದ ಎಷ್ಟು ಒಳ್ಳೆಯ ಕೆಲಸಗಳು ಅರ್ಧದಲ್ಲಿ ನಿಂತಿವೆ ಎಂಬುದನ್ನು ಯೋಚಿಸಿದಾಗ ಈ ನಡತೆಯ ಎತ್ತರ ತಿಳಿಯುತ್ತದೆ.

ಅವರು ಹುಟ್ಟೂರಾದ ಬುಖಾರಾಕ್ಕೆ ಮರಳಿದರು. ಅಲ್ಲಿಯೂ ಭಾರೀ ಸ್ವಾಗತ ದೊರೆಯಿತು. ಆದರೆ ರಾಜ್ಯಪಾಲ ಖಾಲಿದ್ ಬಿನ್ ಅಹ್ಮದ್ ಅವರನ್ನು ಅರಮನೆಗೆ ಕರೆಸಿಕೊಂಡು ತನಗೂ ತನ್ನ ಮಕ್ಕಳಿಗೂ ಗ್ರಂಥ ಓದಿ ಹೇಳಬೇಕೆಂದು ಬಯಸಿದ. ಜ್ಞಾನವನ್ನು ಅರಮನೆಯ ಬಾಗಿಲಿಗೆ ಒಯ್ಯಲು ಇಮಾಮರು ಒಪ್ಪಲಿಲ್ಲ. ಹಾಗಾದರೆ ಬೇರೆ ಯಾರೂ ಬಾರದಂತೆ ಮಕ್ಕಳಿಗೆ ಪ್ರತ್ಯೇಕ ಪಾಠವಾಗಲಿ ಎಂಬ ಬೇಡಿಕೆ ಬಂತು. ಬಡವರ ಮಕ್ಕಳನ್ನು ಹೊರಗಿಟ್ಟು ಅಧಿಕಾರಿಯ ಮಕ್ಕಳಿಗೆ ಮಾತ್ರ ಕಲಿಸುವುದಕ್ಕೂ ಅವರು ಸಮ್ಮತಿಸಲಿಲ್ಲ. ಒಂದು ಹೌದು ಎಂದಿದ್ದರೆ ಹುಟ್ಟೂರಿನಲ್ಲಿ ನೆಮ್ಮದಿಯ ಮುಪ್ಪು ಸಿಗುತ್ತಿತ್ತು. ಅವರು ಅದನ್ನು ಬಿಟ್ಟುಕೊಟ್ಟರು. ಅವರನ್ನು ಊರಿನಿಂದ ಹೊರಹಾಕಲಾಯಿತು. ಕೆಲವೇ ದಿನಗಳಲ್ಲಿ ಆ ರಾಜ್ಯಪಾಲ ಪದಚ್ಯುತನಾಗಿ ಸೆರೆಮನೆ ಸೇರಿದನೆಂದು ಚರಿತ್ರೆ ಹೇಳುತ್ತದೆ.

ಇಮಾಮರು ಸಮರ್ಕಂದಿನ ಸಮೀಪದ ಖರ್ತಂಕ್ ಎಂಬ ಹಳ್ಳಿಯಲ್ಲಿ ಬಂಧುಗಳ ಮನೆಯಲ್ಲಿ ಆಶ್ರಯ ಪಡೆದರು. ಒಂದು ರಾತ್ರಿ ತಹಜ್ಜುದ್ ಬಳಿಕ, ವಿಶಾಲವಾದ ಭೂಮಿ ತನ್ನ ಪಾಲಿಗೆ ಇಕ್ಕಟ್ಟಾಗಿರುವುದರಿಂದ ತನ್ನನ್ನು ತನ್ನ ಪ್ರಭುವಿನೆಡೆಗೆ ಕರೆಸಿಕೊಳ್ಳುವಂತೆ ಅವರು ಬೇಡಿಕೊಂಡುದನ್ನು ಕೇಳಿದವರಿದ್ದಾರೆ. ಸಮರ್ಕಂದಿನ ಜನರ ಆಹ್ವಾನ ಬಂದಾಗ ಹೊರಡಲು ಸಿದ್ಧರಾದರು. ಪಾದರಕ್ಷೆ ತೊಟ್ಟು, ಮುಂಡಾಸು ಕಟ್ಟಿ, ವಾಹನದತ್ತ ಕೆಲವು ಹೆಜ್ಜೆ ನಡೆದಾಗಲೇ ನಿತ್ರಾಣ ಆವರಿಸಿತು. ಪ್ರಾರ್ಥಿಸಿ ಮಲಗಿದರು. ಹಿಜರಿ 256ರ ಈದುಲ್ ಫಿತ್ರ್‌ನ ರಾತ್ರಿ, ಕ್ರಿ.ಶ. 870ರಲ್ಲಿ, ಅವರು ಕೊನೆಯುಸಿರೆಳೆದರು. ಹಬ್ಬದ ದಿನ ಝುಹರ್ ನಮಾಝ್‌ನ ಬಳಿಕ ದಫನ ಮಾಡಲಾಯಿತು. ಚಾಂದ್ರ ಲೆಕ್ಕದಲ್ಲಿ ಅವರಿಗೆ 62 ವರ್ಷ ತುಂಬಲು ಹದಿಮೂರು ದಿನಗಳಷ್ಟೇ ಬಾಕಿ ಇದ್ದವು.

ಅರಮನೆ ಹೋಯಿತು, ರಾಜ್ಯಪಾಲ ಹೋದ, ನೈಸಾಬೂರಿನ ಗದ್ದಲ ಅಡಗಿತು. ಗ್ರಂಥ ಉಳಿಯಿತು. ಅವರ ಶಿಷ್ಯ ಮುಹಮ್ಮದ್ ಬಿನ್ ಯೂಸುಫ್ ಫರಬ್ರಿಯವರ ಮೂಲಕ ಅದು ಮುಂದಿನ ತಲೆಮಾರಿಗೆ ದಾಟಿತು. ಇಂದು ನಿಮ್ಮ ಮಸೀದಿಯ ಕಪಾಟಿನಲ್ಲಿರುವ ಪ್ರತಿಯೂ ಬಹುತೇಕ ಅದೇ ದಾರಿಯಿಂದ ಬಂದುದು.

ನಿಮ್ಮ ಸರದಿ

ಪ್ರಿಯ ಓದುಗರೇ, ನಮ್ಮಲ್ಲಿ ಯಾರೂ ಇಮಾಮ್ ಬುಖಾರಿಯಾಗಲಾರೆವು. ಆದರೆ ಅವರಿಗಿದ್ದಷ್ಟೇ ಇಪ್ಪತ್ನಾಲ್ಕು ಗಂಟೆಗಳು ನಮಗೂ ಇವೆ. ಒಳ್ಳೆಯ ಆಶಯಗಳಿಗೂ ನಮ್ಮಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಸಭೆಯಿಂದ ಎದ್ದು ಹೋದ ಬಳಿಕದ ಮೊದಲ ಹೆಜ್ಜೆಯಲ್ಲಿ.

ಆದುದರಿಂದ ಒಂದೇ ಒಂದು ಕೆಲಸವನ್ನು ಆರಿಸಿಕೊಳ್ಳಿ. ಅದು ಕುರ್‌ಆನಿನ ಒಂದು ಅಧ್ಯಾಯವನ್ನು ಅರ್ಥ ತಿಳಿದು ಕಲಿಯುವುದಿರಬಹುದು, ನೆರೆಮನೆಯ ಮಗುವಿಗೆ ಪಾಠ ಹೇಳಿಕೊಡುವುದಿರಬಹುದು, ಹಳೆಯ ಸಾಲವೊಂದನ್ನು ತೀರಿಸುವುದಿರಬಹುದು. ಅದಕ್ಕಾಗಿ ಯಾವುದನ್ನು ಬಿಡಬೇಕು ಎಂಬುದನ್ನೂ ತೀರ್ಮಾನಿಸಿ. ಸುಬ್‌ಹ್ ನಮಾಝ್‌ನ ಬಳಿಕ ಅಥವಾ ಇಶಾದ ಬಳಿಕ ಅರ್ಧ ಗಂಟೆಯನ್ನು ಅದಕ್ಕೆಂದೇ ಮೀಸಲಿಡಿ. ಒಳ್ಳೆಯ ವಿಚಾರ ಹೊಳೆದಾಗ ಬರೆದಿಡಿ, ನಾಳೆಗೆಂದು ಬಿಡಬೇಡಿ. ದಿನಕ್ಕೆ ಸ್ವಲ್ಪವೇ ಆಗಲಿ, ನಿಲ್ಲದಿರಲಿ. ಮುಗಿದುದನ್ನು ಬಲ್ಲವರಿಗೆ ತೋರಿಸಿ ತಿದ್ದಿಕೊಳ್ಳಿ. ಜನ ಹೊಗಳಿದರೆ ಹಿಗ್ಗದೆ, ದೂರ ಸರಿದರೆ ಕುಗ್ಗದೆ ಮುಂದೆ ಸಾಗಿ. ಯಾಕೆಂದರೆ ಪ್ರತಿಫಲ ಕೊಡುವವನು ಜನರಲ್ಲ, ಅಲ್ಲಾಹನು.

ಮಕ್ಕಳನ್ನು ಹತ್ತಿರ ಕುಳ್ಳಿರಿಸಿಕೊಂಡು ಅವರಿಗೂ ಈ ಬದುಕನ್ನು ಹೇಳಿ. ಒಬ್ಬ ಅನಾಥ ಬಾಲಕ, ಅವನಿಗಾಗಿ ಅತ್ತ ಒಬ್ಬ ತಾಯಿ, ರಾತ್ರಿ ಇಪ್ಪತ್ತು ಬಾರಿ ಹಚ್ಚಿದ ಒಂದು ಪುಟ್ಟ ದೀಪ, ಇವೆಲ್ಲ ಅವರ ನೆನಪಿನಲ್ಲಿ ಉಳಿಯಲಿ.

ಅಲ್ಲಾಹನು ನಮ್ಮ ಸಂಕಲ್ಪಗಳನ್ನು ಶುದ್ಧಗೊಳಿಸಲಿ, ಅವುಗಳನ್ನು ಕರ್ಮರೂಪಕ್ಕೆ ತರುವ ಶಕ್ತಿಯನ್ನೂ ಉಳಿದಿರುವ ಆಯುಷ್ಯದಲ್ಲಿ ಬರಕತ್ತನ್ನೂ ಕರುಣಿಸಲಿ. ಆಮೀನ್.